ಭಾಗ್ಯಳ ಜಾಬ್ ಕಾರ್ಡ್

ಕೊರೊನಾ ಹಾವಳಿ ತಗ್ಗಿದ ಮಾರನೇ ವರ್ಷ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಿಗೆ ನಾನು ಸ್ವಯಂಸೇವಾ ಸಂಸ್ಥೆಯೊಂದರ ಕ್ಷೇತ್ರ ಸಂಯೋಜಕಿಯಾಗಿದ್ದೆ. ಬೌದ್ಧಿಕ ಅಂಗವೈಕಲ್ಯ, ಅಂದರೆ ಕಲಿಯುವುದು, ಅರ್ಥಮಾಡಿಕೊಳ್ಳುವುದು ನಿಧಾನವಾಗುವ ಸ್ಥಿತಿ ಇರುವವರ ಮನೆಗಳನ್ನು ಹುಡುಕಿ, ಪೋಷಕರ ಸಂಘ ಕಟ್ಟುವುದು ನನ್ನ ಕೆಲಸ.

ಗಾವಡಗೆರೆ ಸಮೀಪದ ಹಳ್ಳಿಯೊಂದರಲ್ಲಿ ನಾನು ತಟ್ಟಿದ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಕಿಟಕಿಯಲ್ಲಿ ಒಂದು ಮುಖ. ಇಪ್ಪತ್ತೆಂಟು ವರ್ಷದ ಭಾಗ್ಯ. ಸಂಜೆ ಹೊಗೆಸೊಪ್ಪಿನ ಹೊಲದಿಂದ ಮರಳಿದ ಅವಳ ತಾಯಿ ದೇವಮ್ಮನವರ ಮೇಲೆ ನಾನು ರೇಗಿದೆ. ಕಾನೂನು, ಹಕ್ಕು ಎಲ್ಲವನ್ನೂ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು: "ಬೀಗ ಆಕ್ದೆ ಓದಾಗ ಯಾವನಾರ ಒಳಕ್ ನುಗ್ಗಿದ್ರೆ, ನೀವ್ ಬತ್ತೀರಾ ಮೇಡಂ?"

ಸಂಘದ ಸಭೆಗೆ ಬನ್ನಿ ಎಂದಷ್ಟೇ ಹೇಳಿ ಹೊರಟೆ. ಮುಂದಿನ ಎರಡು ಸಭೆಗಳಿಗೆ ದೇವಮ್ಮ ಬರಲೇ ಇಲ್ಲ.

ಆಗ ಎಚ್.ಡಿ. ಕೋಟೆ ಕಡೆಯ ಸರಗೂರಿನಿಂದ ಸಂಘಕ್ಕೆ ಬರುತ್ತಿದ್ದ ರಾಜಮ್ಮನವರ ನೆರವು ಕೇಳಿದೆ. ಅವರ ಮಗಳೂ ಭಾಗ್ಯಳಂಥವಳೇ. ರಾಜಮ್ಮ ಮಗಳನ್ನೂ ಕರೆದುಕೊಂಡು, ಎರಡು ಬಸ್ ಬದಲಿಸಿ ಬಂದರು. ನನ್ನನ್ನು ಜಗಲಿಯಲ್ಲೇ ಕೂರಿಸಿ, ಒಳಗೆ ದೇವಮ್ಮನ ಜೊತೆ ಅವರೆಕಾಯಿ ಸುಲಿಯುತ್ತಾ ಮಧ್ಯಾಹ್ನವಿಡೀ ಮಾತಾಡಿದರು. ಹೊರಗೆ ಬಂದಾಗ ದೇವಮ್ಮನ ಕಣ್ಣು ಕೆಂಪಾಗಿತ್ತು. "ಇವ್ರೂ ಮಗ್ಳುನ್ನ ಇಂಗೇ ಬೀಗ ಆಕಿ ಓಯ್ತಿದ್ರಂತೆ, ಈಗ ನಾಕ್ ಜನದ್ ನಡುವ್ಲೇ ಬಿಡ್ತಾರಂತೆ. ಎಂಗಸ್ರ ಜೊತೇಲಿ ಕುಂತು ಮಾಡೋ ಕೆಲ್ಸ ಒಂದ್ ಕೊಡ್ಸಿ. ನಾನೇ ಕರ್ಕೊಂಡ್ ಓಯ್ತೀನಿ" ಅಂದರು.

ಊರಿನಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಒಂದು ಸಸಿ ನರ್ಸರಿ ನಡೆಯುತ್ತಿತ್ತು. ಅಲ್ಲಿ ಕೆಲಸ ಕೇಳಲು ಪಂಚಾಯಿತಿ ಕೊಡುವ ಜಾಬ್ ಕಾರ್ಡ್ ಬೇಕು. ಭಾಗ್ಯಳ ಅರ್ಜಿಯನ್ನು ಮೂರು ಬಾರಿ ಬಾಯಿಮಾತಿನಲ್ಲೇ ವಾಪಸ್ ಕಳಿಸಿದರು. ಗ್ರಾಮಸಭೆಯಲ್ಲೇ ಕೇಳೋಣವೆಂದು ಸಂಘ ತೀರ್ಮಾನಿಸಿತು. ಆ ದಿನ ನಾಲ್ಕೂ ತಾಲ್ಲೂಕುಗಳಿಂದ ಹತ್ತೊಂಬತ್ತು ತಾಯಂದಿರು ಮಕ್ಕಳೊಂದಿಗೆ ಬಂದು ಮುಂದಿನ ಸಾಲಿನಲ್ಲೇ ಕುಳಿತರು.

"ಬುದ್ಧಿ ಬೆಳೀದಿರೋ ಎಣ್ಣು. ಏನಾರ ಎಚ್ಚುಕಮ್ಮಿ ಆದ್ರೆ ಯಾರ್ ಜವಾಬ್ದಾರಿ?" ಎಂದರು ಪಂಚಾಯಿತಿ ಸದಸ್ಯರೊಬ್ಬರು.

ನಾನು ನಿಯಮಗಳ ಫೈಲು ಹಿಡಿದು ಎದ್ದೆ. ರಾಜಮ್ಮ ನನ್ನ ಸೆರಗು ಜಗ್ಗಿದರು: "ನೀವ್ ಕೂತ್ಕಳಿ ಮೇಡಂ. ಅವ್ಳ ಅವ್ವ ಮಾತಾಡ್ಲಿ."

ದೇವಮ್ಮ ಎದ್ದರು. ದನಿ ಗಟ್ಟಿಯಾಗಿತ್ತು. "ಇಪ್ಪತ್ತೆಂಟು ವರ್ಸ ನಾನೊಬ್ಳೇ ಜವಾಬ್ದಾರಿ ಒತ್ತಿವ್ನಿ ಕಣ್ರಪ್ಪ. ನಾನ್ ಸತ್ತ ಮಾರ್ನೆ ದಿನ ಇವ್ಳು ಯಾರ್ನ ಕೂಗ್ಬೇಕು? ಊರ್ನೋರ್ ಮುಖನಾದ್ರೂ ಇವ್ಳಿಗೆ ಗುರ್ತಾಗ್ಲಿ."

"ಗಿಡುಕ್ಕೆ ನೀರ್ ಆಕ್ತೀನಿ" ಎಂದಳು ಭಾಗ್ಯ, ಯಾರೂ ಕೇಳದಿದ್ದರೂ.

ನರ್ಸರಿ ತಂಡ ನೋಡಿಕೊಳ್ಳುತ್ತಿದ್ದ ಗೌರಮ್ಮ ಹಿಂದಿನಿಂದ ಕೂಗಿದರು: "ನನ್ ಪಕ್ಕ ಕೂರಿಸ್ಕತೀನಿ, ಎಸ್ರು ಬರ್ಕಳಿ!" ಮುಂದಿನ ವಾರ ಕಾರ್ಡ್ ಕೈಸೇರಿತು.

ಮೊದಲ ದಿನವೇ ಭಾಗ್ಯ ಕಳೆಯೆಂದು ಒಂದು ಸಾಲು ಸಸಿಗಳನ್ನೇ ಕಿತ್ತಳು. ಗೌರಮ್ಮ ಬೈಯಲಿಲ್ಲ. ಚೀಲಕ್ಕೆ ಮಣ್ಣು ತುಂಬುವುದನ್ನು ಕೈಹಿಡಿದು ಕಲಿಸಿದರು. ತಿಂಗಳೊಳಗೆ ಅವಳು ತುಂಬಿದ ಚೀಲಗಳು ಉಳಿದವರಿಗಿಂತ ಕಡಿಮೆಯಿರಲಿಲ್ಲ. ಅವಳು ಕೈತೊಳೆದು ಬರುವವರೆಗೆ ಹೆಂಗಸರು ಬುತ್ತಿ ಬಿಚ್ಚುತ್ತಿರಲಿಲ್ಲ. ದೇವಮ್ಮ ರಜೆಯ ದಿನಗಳಲ್ಲಿ ಬೆಟ್ಟದಪುರದ ಕಡೆಯ ಮನೆಗಳಿಗೆ ತಾವೇ ಹೋಗಿ ಸಂಘಕ್ಕೆ ಜನ ಸೇರಿಸತೊಡಗಿದರು.

ತಾಯಿಯೊಬ್ಬಳ ಭಯಕ್ಕೆ, ಅದೇ ಭಯದಲ್ಲಿ ಬದುಕಿದ ಇನ್ನೊಬ್ಬ ತಾಯಿಯೇ ಉತ್ತರ ಕೊಡಬಲ್ಲಳು. ಈ ಕೆಲಸ ನನಗೆ ಕಲಿಸಿದ ಪಾಠ ಅದು. ಕಳೆದ ತಿಂಗಳು ಕೆ.ಆರ್. ನಗರದಲ್ಲಿ ಸಂಘದ ಸಭೆಯಿತ್ತೆಂದು ನನಗೆ ತಿಳಿದದ್ದೇ ಅದು ಮುಗಿದ ಮೇಲೆ. "ನಿಮ್ಗೆ ಏಳೋದೇ ಮರ್ತೋಯ್ತು ಕಣ್ ಮೇಡಂ" ಎಂದು ದೇವಮ್ಮ ಫೋನಿನಲ್ಲಿ ನಕ್ಕರು. ನಾನು ಬರೆದ ಯಾವ ವರದಿಯೂ ನನಗೆ ಅಷ್ಟು ಸಮಾಧಾನ ಕೊಟ್ಟಿಲ್ಲ.