ನಾನೂರ ಹದಿನೇಳನೇ ನಂಬರಿನ ಗಡಿಯಾರ

ಬೆಳಗಾದರೆ ಸಾಕು, ಮೂವತ್ತೊಂದು ಗಡಿಯಾರಗಳು ಕೀ ಕೊಡು ಎಂದು ಸೆಕೆಂಡಪ್ಪನವರ ಮುಖ ನೋಡುತ್ತಿದ್ದವು. ಎಲ್ಲವೂ ರೈಲ್ವೆಯ ಹಳೆಯ ಜೇಬುಗಡಿಯಾರಗಳು: ಬಿಳಿ ಮುಖ, ದಪ್ಪ ಕಪ್ಪು ಅಂಕಿ, ಬೆನ್ನಿಗೆ ಕೊರೆದ ನಂಬರು. ಒಂದೊಂದಕ್ಕೂ ಹದಿನೆಂಟೋ ಇಪ್ಪತ್ತೋ ತಿರುವು. ಮುಗಿಯುವಷ್ಟರಲ್ಲಿ ಹೆಬ್ಬೆರಳು ಜುಮ್ಮೆನ್ನುತ್ತಿತ್ತು, ಭುಜ ಹಿಡಿದುಕೊಳ್ಳುತ್ತಿತ್ತು. ಆಸೆಯಿಂದ ಮಾಡುತ್ತಿದ್ದರು ಅಂದುಕೊಂಡೀರಿ ಮತ್ತೆ. ಎಲ್ಲಿಯ ಆಸೆ! ಸಾಕುಸಾಕಾಗಿ ಎಷ್ಟೋ ವರ್ಷವಾಗಿತ್ತು.

“ನಂಗೆ ಮೂವತ್ತೊಂದು ಜನ ಸವತಿಯರು ಕಣ್ರೀ,” ಎಂದು ಅವರ ಹೆಂಡತಿ ಪಕ್ಕದ ಮನೆಯವಳಿಗೆ ಹೇಳುತ್ತಿದ್ದರು. “ಒಬ್ಬಳಿಗೂ ಒಂದು ಲೋಟ ತೊಳೆಯೋಕೆ ಬರಲ್ಲ.”

ಸೆಕೆಂಡಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಸ್ಟೇಷನ್ನಿನವರು ಅಂಟಿಸಿದ್ದು. ಅವರ ಕೆಲಸವೇ ಹಾಗಿತ್ತು. ಡ್ಯೂಟಿಗೆ ಹೊರಡುವ ಗಾರ್ಡುಗಳು, ಡ್ರೈವರುಗಳು ಟೈಮ್ ಆಫೀಸಿನ ಕಿಟಕಿಗೆ ಬಂದು ತಮ್ಮ ಗಡಿಯಾರವನ್ನೂ ಒಂದು ಕಾರ್ಡನ್ನೂ ಒಳಗೆ ಚಾಚಬೇಕು. ಗುಮಾಸ್ತರಾದ ಇವರು ಅದನ್ನು ಗೋಡೆಯ ದೊಡ್ಡ ಗಡಿಯಾರಕ್ಕೆ ಹೋಲಿಸಿ, ಎಷ್ಟು ಸೆಕೆಂಡು ಹಿಂದೆ, ಎಷ್ಟು ಮುಂದೆ ಎಂದು ಕಾರ್ಡಿನಲ್ಲಿ ಬರೆದು ಸಹಿ ಹಾಕಬೇಕು. ಮೂವತ್ತು ಸೆಕೆಂಡು ದಾಟಿತೋ, ಗಡಿಯಾರ ಅಲ್ಲೇ ಉಳಿಯಿತು, ಬೇರೆಯದು ಕೊಟ್ಟು ಕಳಿಸಬೇಕು. ಇಪ್ಪತ್ತೊಂಬತ್ತು ವರ್ಷ ಇದನ್ನೇ ಮಾಡಿದರು. ಒಂದೇ ಒಂದು ದಿನ ಮಾಡಲಿಲ್ಲ.

ಆ ದಿನ ಜೊತೆಯ ಗುಮಾಸ್ತ ಬಂದಿರಲಿಲ್ಲ. ರಾತ್ರಿ ಪಾಳಿ ಮುಗಿಸಿದ ಇವರೇ ಬೆಳಗಿನ ಪಾಳಿಗೂ ಕೂತಿದ್ದರು, ನಿದ್ದೆಯಿಲ್ಲದೆ ಕಣ್ಣು ಬೆಂಕಿಯಾಗಿತ್ತು. ಕಿಟಕಿಯಲ್ಲಿ ಕೈಯ ಮೇಲೆ ಕೈ. ಉದ್ದಗಾರ್ಡ್ ಎಂದು ಎಲ್ಲರೂ ಕರೆಯುತ್ತಿದ್ದ ಎತ್ತರದ ಗಾರ್ಡಿನ ಕಾರ್ಡು ಬಂತು. ಹಿಂದಿನ ದಿನ ‘ಎರಡು ಸೆಕೆಂಡು’ ಎಂದಿತ್ತು, ಇವರೂ ಎರಡು ಎಂದು ಗೀಚಿ ಸಹಿ ಹಾಕಿದರು. ಗಡಿಯಾರದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಮಧ್ಯಾಹ್ನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿಯನ್ನು ಪಕ್ಕದ ಹಳಿಗೆ ಸರಿಸುವಾಗ, ಮೇಲ್ ಗಾಡಿ ಬರಲು ಇನ್ನೂ ಹೊತ್ತಿದೆ ಎಂದುಕೊಂಡಿದ್ದ ಉದ್ದಗಾರ್ಡ್. ಹೊತ್ತಿರಲಿಲ್ಲ. ಮೇಲ್ ಬಂದು ಕೊನೆಯ ವ್ಯಾಗನ್ನಿಗೆ ಗುದ್ದಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ, ಒಬ್ಬ ಡ್ರೈವರಿನ ಕೈ ಮುರಿಯಿತು. ಗಾರ್ಡಿನ ಗಡಿಯಾರ ಮೂರು ನಿಮಿಷ ಹಿಂದಿತ್ತು. ವಿಚಾರಣೆಯಲ್ಲಿ, “ಬೆಳಿಗ್ಗೆ ನೋಡಿದಿರಾ?” ಎಂದು ಕೇಳಿದರು. ಸೆಕೆಂಡಪ್ಪನವರು ನಾಲಿಗೆ ಹೊರಳಿಸಿ, “ನೋಡಿದೆ” ಎಂದರು. ಸರಿ, ಬೆಳಿಗ್ಗೆ ನೆಟ್ಟಗಿದ್ದದ್ದು ಮಧ್ಯಾಹ್ನಕ್ಕೆ ಕೆಟ್ಟಿತೆಂದರೆ ಇವನೇ ಏನೋ ಮಾಡಿರಬೇಕು ಎಂದು ಉದ್ದಗಾರ್ಡನ್ನು ಗಾಡಿಯಿಂದ ಇಳಿಸಿ ಪಾರ್ಸಲ್ ಗೋದಾಮಿಗೆ ಹಾಕಿದರು. ಹತ್ತೊಂಬತ್ತು ವರ್ಷ, ರಿಟೈರಾಗುವವರೆಗೂ ಅಲ್ಲೇ ಮೂಟೆ ಎಣಿಸಿದ. ವಿಚಾರಣೆಯಲ್ಲಿ ಆತ ‘ಈ ಮನುಷ್ಯ ಸುಳ್ಳು ಹೇಳ್ತಾನೆ’ ಎಂದು ಒಂದು ಮಾತಾಡಲಿಲ್ಲ, ತಲೆ ತಗ್ಗಿಸಿ ನಿಂತಿದ್ದ. ಆ ದೊಡ್ಡತನವೇ ಸೆಕೆಂಡಪ್ಪನವರನ್ನು ಒಳಗಿಂದೊಳಗೆ ತಿಂದುಹಾಕಿತು.

ಮುಂದೆ ಇಲಾಖೆ ಹಳೇ ಗಡಿಯಾರಗಳನ್ನು ಹರಾಜಿಗೆ ಹಾಕಿದಾಗ ಇವರು ಗೋಣಿಚೀಲದಲ್ಲಿ ಹದಿನಾಲ್ಕು ತಂದರು. ಉದ್ದಗಾರ್ಡಿನದು ನಾನೂರ ಹದಿನೇಳು, ಅದು ಅದರಲ್ಲಿರಲಿಲ್ಲ. ಅಲ್ಲಿಂದ ಹಿಡಿಯಿತು ನೋಡಿ ಹುಚ್ಚು. ಗುಜರಿ ಅಂಗಡಿ, ರಿಪೇರಿಯವರ ಡಬ್ಬ, ಸತ್ತ ಡ್ರೈವರುಗಳ ಮನೆಯ ಟ್ರಂಕು, ಎಲ್ಲ ಕಡೆ ಒಂದೇ ಪ್ರಶ್ನೆ: “ನಾನೂರ ಹದಿನೇಳು ಇದೆಯಾ?” ಇಲ್ಲವೆಂದರೂ ಬರಿಗೈಲಿ ಬರಲು ಮುಜುಗರ, ಇದ್ದದ್ದನ್ನೇ ಕೊಂಡು ತರುವುದು. ಹಾಗೆ ಬೆಳೆದದ್ದು ಈ ಸಂಗ್ರಹ. ಅದು ಸಿಕ್ಕ ದಿನ ಉದ್ದಗಾರ್ಡಿನ ಕೈಗಿಟ್ಟು, ‘ತಪ್ಪು ನಂದು, ನಾನು ನೋಡಿರಲಿಲ್ಲ’ ಎಂದು ಹೇಳಿಬಿಡಬೇಕು, ಇಬ್ಬರಲ್ಲಿ ಒಬ್ಬರು ಕಣ್ಣು ಮುಚ್ಚುವುದರೊಳಗೆ. ಅವರಿಗೆ ಬೇಕಾದದ್ದು ಅಷ್ಟೇ.

“ರೀ, ತಪ್ಪಾಯ್ತು ಅನ್ನೋಕೆ ಗಡಿಯಾರ ಯಾಕ್ರೀ ಬೇಕು? ಬಾಯಿ ಸಾಲ್ದಾ?” ಎಂದಿದ್ದರು ಹೆಂಡತಿ.

“ನಿಂಗೆ ಗೊತ್ತಾಗಲ್ಲ ಸುಮ್ನಿರೇ.”

ಗೊತ್ತಾಗದ್ದು ಯಾರಿಗೆ? ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, ಹೇಳಲಾರದವರಿಗೆ ಗಡಿಯಾರ ಸಿಗದಿರುವುದೇ ಒಂದು ನೆವ. ಆ ನೆವದಲ್ಲಿ ಮೂವತ್ತನಾಲ್ಕು ವರ್ಷ ಕಳೆಯಿತು. ಮಂಡಿ ಸವೆಯಿತು, ಒಂದು ಕಣ್ಣಿಗೆ ಪೊರೆ ಬಂತು.

ಕೊನೆಗೆ ಅದು ಸಿಕ್ಕಿದ್ದು ಹಲ್ಲಿನ ಡಾಕ್ಟರೊಬ್ಬರ ಬಳಿ. ಅವರಿಗೂ ಇದೇ ಖಯಾಲಿ, ಕಾಯುವವರಿಗೆ ಕಾಣಲೆಂದು ಗಾಜಿನ ಪೆಟ್ಟಿಗೆಯಲ್ಲಿ ಗಡಿಯಾರ ಜೋಡಿಸಿಟ್ಟಿದ್ದರು. ದವಡೆ ಹಿಡಿದುಕೊಂಡು ಹೋಗಿದ್ದ ಸೆಕೆಂಡಪ್ಪನವರಿಗೆ ಹಲ್ಲುನೋವೇ ಮರೆತುಹೋಯಿತು. ಡಾಕ್ಟರು ಸುಲಭಕ್ಕೆ ಬಿಡುವ ಪೈಕಿಯಲ್ಲ. ಇವರು ಮನೆಗೆ ಹೋಗಿ ತಮ್ಮ ಒಳ್ಳೆಯ ಗಡಿಯಾರಗಳಲ್ಲಿ ಹನ್ನೊಂದನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು ಮೇಜಿನ ಮೇಲೆ ಬಿಚ್ಚಿದರು.

“ಹನ್ನೊಂದು ಕೊಟ್ಟು ಒಂದಾ? ನಿಮಗೇನು ತಲೆ ಕೆಟ್ಟಿದೆಯಾ ಯಜಮಾನ್ರೇ? ಇದು ಒಂದು ಗಂಟೆ ಓಡಿದ್ರೆ ಎರಡು ಗಂಟೆ ಮಲಗತ್ತೆ!”

“ಮಲಗ್ಲಿ ಬಿಡಿ ಡಾಕ್ಟ್ರೇ. ನಂಗೂ ಅಷ್ಟೇ ಆಗ್ತಿರೋದು.”

ಮಾರನೆಯ ದಿನ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಉದ್ದಗಾರ್ಡಿನ ಮನೆ ತಲುಪಿದರು. ಮೂರನೇ ಮಹಡಿ, ಲಿಫ್ಟಿಲ್ಲ. ಪ್ರತಿ ತಿರುವಿನಲ್ಲೂ ಕಂಬಿ ಹಿಡಿದು ನಿಂತು ಉಸಿರು ಎಳೆದುಕೊಂಡರು. ಬಾಗಿಲು ತೆರೆದ ಉದ್ದಗಾರ್ಡ್ ಈಗ ಅಷ್ಟೇನೂ ಉದ್ದವಿರಲಿಲ್ಲ, ಬೆನ್ನು ಬಾಗಿತ್ತು. ಇವರನ್ನು ನೋಡಿದ್ದೇ ಮುಖದ ರಕ್ತ ಇಳಿದುಹೋಯಿತು. ಒಳಗೆ ಕೂರಿಸಿ, ಅಡುಗೆಮನೆಯ ಕಡೆ ಒಮ್ಮೆ ನೋಡಿ, ಎದುರಿನ ಕುರ್ಚಿಯ ಅಂಚಿನಲ್ಲಿ ಕುಳಿತರು.

ಸೆಕೆಂಡಪ್ಪನವರು ಗಡಿಯಾರವನ್ನು ಅವರ ಅಂಗೈಯಲ್ಲಿಟ್ಟರು. “ಗಾರ್ಡ್ ಸಾಹೇಬ್ರೇ, ಅವತ್ತು ನಾನು ಇದನ್ನ ನೋಡಿರಲಿಲ್ಲ. ನೋಡಿದೆ ಅಂತ ಸುಳ್ಳು ಹೇಳಿದೆ. ನಿಮ್ಮ ಬಾಳು ಹಾಳು ಮಾಡಿದೆ.”

ಉದ್ದಗಾರ್ಡ್ ಅದನ್ನು ಬೋರಲು ಹಾಕಿ ಬೆನ್ನಿನ ನಂಬರನ್ನು ಬೆರಳಿನಿಂದ ಸವರಿದರು. ಆಮೇಲೆ, “ನಾನೆಲ್ಲಿ ತೋರಿಸಿದ್ದೆ ನಿಮಗೆ?” ಎಂದರು.

“ಅಂದ್ರೆ?”

“ಹಿಂದಿನ ದಿನ ಸಂಜೆ ಕೈಜಾರಿ ಮೆಟ್ಟಿಲ ಮೇಲೆ ಬಿದ್ದಿತ್ತು. ಎಷ್ಟು ಸರಿ ಮಾಡಿದ್ರೂ ಹಿಂದೆ ಬೀಳ್ತಿತ್ತು. ತೋರಿಸಿದ್ರೆ ಮೆಮೊ ಗ್ಯಾರಂಟಿ, ಮುಂದಿನ ತಿಂಗಳು ಪ್ಯಾಸೆಂಜರ್ ಗಾಡಿ ಸಿಗೋದಿತ್ತು ನಂಗೆ. ಕಿಟಕೀಲಿ ನಿಮ್ಮ ಕಣ್ಣು ಮುಚ್ಚಿ ಮುಚ್ಚಿ ಹೋಗ್ತಿತ್ತು. ಗಡಿಯಾರ ಕೋಟಲ್ಲೇ ಇಟ್ಕೊಂಡು ಕಾರ್ಡ್ ಮಾತ್ರ ತಳ್ಳಿದೆ. ನೀವು ನಾನೂರ ಹದಿನೇಳು ಎಲ್ಲಿ, ಎಲ್ಲಿ ಅಂತ ಊರೆಲ್ಲಾ ಹುಡುಕ್ತಿದೀರಿ ಅಂತ ಗೋದಾಮಿನೋರು ಹೇಳಿದ್ರು. ಬಿಚ್ಚಿದ್ರೆ ಒಳಗೆ ಪೆಟ್ಟಿನ ಗುರುತು ಸಿಗತ್ತೆ, ನನ್ನ ಹಿಡಿಸೋಕೆ ಸಾಕ್ಷಿ ಹುಡುಕ್ತಿದಾರೆ ಅಂದ್ಕೊಂಡೆ. ಮೂವತ್ತು ವರ್ಷ ನಿಮ್ಮ ಬೀದಿ ತಪ್ಪಿಸಿ ಓಡಾಡಿದೀನಿ.”

ಸೆಕೆಂಡಪ್ಪನವರಿಗೆ ಮೊದಲು ಬಂದದ್ದು ಸಿಟ್ಟು. ಕೆಂಡದಂಥ ಸಿಟ್ಟು. “ಥೂ ನಿನ್ನ! ಒಂದು ಮಾತು ಹೇಳೋಕೆ ಏನಾಗಿತ್ತಯ್ಯಾ ನಿಂಗೆ?”

“ನೀವೂ ಹೇಳಲಿಲ್ವಲ್ಲ.”

ಸಿಟ್ಟು ಬಂದಷ್ಟೇ ಬೇಗ ಇಳಿದುಹೋಯಿತು.

“ಮೆತ್ತಗೆ ಮಾತಾಡಿ,” ಉದ್ದಗಾರ್ಡ್ ಮುಂದಕ್ಕೆ ಬಾಗಿ ಪಿಸುಗುಟ್ಟಿದರು. “ಮಗಳಿಗೆ ಇದು ಗೊತ್ತಿಲ್ಲ. ಅವಳಿಗೆ ನಾನು ಬೇರೆ ಥರ ಹೇಳಿದೀನಿ.”

ಅಷ್ಟರಲ್ಲಿ ಮಗಳು ಟೀ ತಂದಳು. ಐವತ್ತರ ಆಸುಪಾಸಿನ, ಕೂದಲು ನರೆತ ಹೆಂಗಸು. ನಗುತ್ತಲೇ ಸೆಕೆಂಡಪ್ಪನವರ ಕೈಗೆ ಲೋಟ ಕೊಟ್ಟವಳ ಕಣ್ಣು ತಂದೆಯ ಅಂಗೈಯಲ್ಲಿದ್ದ ಗಡಿಯಾರದ ನಂಬರಿನ ಮೇಲೆ ಬಿತ್ತು.

“ಅಪ್ಪಾ, ಇದು ನಿಮ್ಮ ಗಡಿಯಾರ ಅಲ್ವಾ? ಆ ಪಾಪಿ ಗುಮಾಸ್ತ ನೋಡ್ದೆ ಸಹಿ ಹಾಕಿದ್ನಲ್ಲ, ಅದು?” ಅತಿಥಿಯ ಕಡೆ ತಿರುಗಿದಳು. “ಇವರಿಗೆ ಆದ ಅನ್ಯಾಯ ಅಷ್ಟಿಷ್ಟಲ್ಲ. ನಮ್ಮಮ್ಮ ಕೊರಗಿ ಕೊರಗಿ ಹೋದ್ಳು. ಅವನ ಹೊಟ್ಟೆ ತಣ್ಣಗಿರಲ್ಲ ಬಿಡಿ. ನಿಮಗೆಲ್ಲಿ ಸಿಕ್ತು ಇದು?”

ಉದ್ದಗಾರ್ಡಿನ ಎಪ್ಪತ್ತೆಂಟು ವರ್ಷದ ಆ ಮುಖ, ಏಟಿಗೆ ಕಾದ ಮಗುವಿನ ಹಾಗೆ, ಸೆಕೆಂಡಪ್ಪನವರನ್ನೇ ನೋಡುತ್ತಿತ್ತು. ನಿಜ ಹೇಳಿದರೆ ಈ ಮುದುಕನಿಗೆ ಉಳಿದಿರುವ ಒಂದೇ ಒಂದು ಮರ್ಯಾದೆಯೂ ಹೋಗುತ್ತದೆ. ಹೇಳದಿದ್ದರೆ? ಸೆಕೆಂಡಪ್ಪನವರು ಕಣ್ಣು ಮುಚ್ಚಿ ತೆರೆದರು.

“ಆ ಗುಮಾಸ್ತ ನಾನೇ ತಾಯೀ. ನೋಡದೆ ಸಹಿ ಹಾಕಿದ್ದು ನಾನೇ. ತಪ್ಪಾಯ್ತು ಅಂತ ಹೇಳೋಕೆ ಬಂದೆ.”

ಸೆಕೆಂಡಪ್ಪನವರು ಉದ್ದಗಾರ್ಡಿನ ಬಾಯಿಂದ ಒಂದು ಮಾತು ಬರಬಹುದೆಂದು ಕಾದರು. ಉದ್ದಗಾರ್ಡ್ ಅಂಗೈಯಲ್ಲಿದ್ದ ಗಡಿಯಾರದಿಂದ ತಲೆ ಎತ್ತಲಿಲ್ಲ. ಮಗಳು ಮುಂದೆ ಬಂದು, ಇನ್ನೂ ಒಂದು ಗುಟುಕೂ ಕುಡಿಯದ ಆ ಲೋಟವನ್ನು ಸೆಕೆಂಡಪ್ಪನವರ ಕೈಯಿಂದ ತೆಗೆದುಕೊಂಡಳು.