ಲೋಟ ಬೋರಲಾದರೆ ಯಾಕೆ ಅಂತ ಕೇಳಬಾರದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯಲ್ಲಿ ಹಾಲಿನ ವ್ಯಾನು, ಪೇಪರ್ ಹಾಕುವವನ ಸೈಕಲ್ಲು, ಪೊರಕೆ ಹಿಡಿದ ಇಬ್ಬರು ಹೆಂಗಸರು, ಅಷ್ಟೇ. ಔಷಧಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ, ಮೊದಲ ಮಹಡಿಯ ಬೀಗ ತೆಗೆದು ಒಳಗೆ ಬರುವ ಹೆಂಗಸೊಬ್ಬರು ಚಪ್ಪಲಿ ಬಿಟ್ಟು ಸೀದಾ ಹೋಗುವುದು ನಲ್ಲಿಯ ಹತ್ತಿರ. ಸ್ಟೀಲಿನ ಲೋಟಗಳನ್ನು ಒಂದೊಂದಾಗಿ ತಿಕ್ಕುತ್ತಾರೆ, ಒರೆಸುತ್ತಾರೆ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ಕೌಂಟರಿನ ಮೇಲಿನ ತಟ್ಟೆಯಲ್ಲಿ ಎಲ್ಲವನ್ನೂ ಬಾಯಿ ಮೇಲೆ ಮಾಡಿ ಜೋಡಿಸುತ್ತಾರೆ. ಒಂದೂ ಬೋರಲಾಗಿ ಇರಕೂಡದು. ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಇದು ಮನಸ್ಸಿನ ತೊಂದರೆಗಳಿಗೆ ಆಪ್ತಸಮಾಲೋಚನೆ ನೀಡುವ ಪುಟ್ಟ ಕೇಂದ್ರ. ಒಳಗೆ ಮೂರು ಕೋಣೆ, ಮೂವರು ಆಪ್ತಸಮಾಲೋಚಕರು. ಹೊರಗೆ ಒಂದು ಕೌಂಟರು, ಒಂದು ಫೋನು, ಅದರ ಹಿಂದೆ, ಲೋಟ ಜೋಡಿಸಿಟ್ಟ ಇವರು. ಬಾಗಿಲ ಮೇಲಿನ ಬೋರ್ಡಿನಲ್ಲಿ ಮೂವರ ಹೆಸರೂ ಇದೆ, ಇವರದಿಲ್ಲ. ಆದರೆ ಬಂದವರು ನೆನಪಿಟ್ಟುಕೊಳ್ಳುವುದು ಇವರನ್ನೇ. ಎಲ್ಲರ ಬಾಯಲ್ಲೂ ಇವರು ‘ಲೋಟದಕ್ಕ’.

ಇಷ್ಟು ಬೇಗ ಬಾಗಿಲು ತೆಗೆಯುವುದು ಅವರದೇ ಹಠ. ರಾತ್ರಿಪಾಳಿ ಮುಗಿಸಿದ ನರ್ಸುಗಳು, ಸೆಕ್ಯುರಿಟಿಯವರು ಮನೆಗೆ ಹೋಗುವ ದಾರಿಯಲ್ಲಿ ಬರುತ್ತಾರೆ. ಪಕ್ಕದ ಮನೆಯವರ ಕಣ್ಣಿಗೆ ಬೀಳಬಾರದು ಎನ್ನುವವರು ವಾಕಿಂಗ್ ನೆಪದಲ್ಲಿ ಬರುತ್ತಾರೆ. “ವಾಕಿಂಗ್ ಶೂ ಹಾಕ್ಕೊಂಡು ಎಷ್ಟು ಜನ ಈ ಮೆಟ್ಟಿಲು ಹತ್ತಿದಾರೆ ಅಂತೀರಿ! ಒಬ್ಬರ ಕೈಯಲ್ಲಂತೂ ನಾಯಿ ಕಟ್ಟೋ ಸರಪಳಿ. ನಾಯಿ ಎಲ್ಲಿ ಅಂದ್ರೆ, ನಾಯಿ ಸಾಕಿಲ್ಲ ಅಕ್ಕ, ಸರಪಳಿ ಮಾತ್ರ ತಂದೆ ಅಂದ್ರು!” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಬಂದವರನ್ನು ಯಾವ ಕೋಣೆಗೆ ಕಳಿಸಬೇಕು ಎಂದು ಗೊತ್ತುಮಾಡುವುದೇ ಅವರ ಕೆಲಸ. ಮೂವರೂ ಕಲಿತವರು, ಒಳ್ಳೆಯವರು. ಆದರೆ ಮೂವರೂ ಒಂದೇ ಥರ ಇಲ್ಲ. ಮೊದಲ ಕೋಣೆಯ ಹಿರಿಯರು ಹೆಚ್ಚು ಮಾತಾಡುವುದಿಲ್ಲ, ಎದುರಿಗಿದ್ದವರು ಬಾಯಿ ಬಿಡುವವರೆಗೂ ಆರಾಮವಾಗಿ ಕಾಯುತ್ತಾರೆ. ಎರಡನೆಯ ಕೋಣೆಯವರು ಬೋರ್ಡು, ಮಾರ್ಕರು ಹಿಡಿದು ಬಿಡಿಸಿ ಹೇಳುತ್ತಾರೆ, ಮನೆಗೆ ಅಭ್ಯಾಸ ಕೊಟ್ಟು ಕಳಿಸುತ್ತಾರೆ. ಅಕ್ಕನ ಬಾಯಲ್ಲಿ ಅವರು ಮೇಷ್ಟ್ರು. ಮೂರನೆಯ ಕೋಣೆಯ ಮೇಡಂ ವಯಸ್ಸಿನಲ್ಲಿ ಚಿಕ್ಕವರು, ನಗುವವರ ಜೊತೆ ನಗುತ್ತಾರೆ, ಅಳುವವರ ಜೊತೆ ಅವರ ಕಣ್ಣೂ ತುಂಬುತ್ತದೆ.

ಯಾರಿಗೆ ಯಾರು ಎಂದು ಊಹಿಸಲು ಅಕ್ಕ ಕೇಳುವುದು ಒಂದೇ ಪ್ರಶ್ನೆ. “ಚಿಕ್ಕವರಿದ್ದಾಗ ಬೇಜಾರಾದ್ರೆ ಯಾರ ಪಕ್ಕ ಹೋಗಿ ಕೂರ್ತಿದ್ರಿ?” ಅಜ್ಜಿ ಎನ್ನುವವರುಂಟು, ಸೋದರಮಾವ ಎನ್ನುವವರುಂಟು. ಯಾರ ಪಕ್ಕಾನೂ ಇಲ್ಲ, ಮಂಚದ ಕೆಳಗೆ ಎಂದವರೂ ಇದ್ದಾರೆ. ಅದರ ಮೇಲೆ ಒಂದು ಅಂದಾಜು. ಅಂದಾಜು ಎಷ್ಟೋ ಸಲ ತಲೆಕೆಳಗಾಗುತ್ತದೆ, ಅದನ್ನು ಅವರೇ ಮೊದಲು ಒಪ್ಪಿಕೊಳ್ಳುತ್ತಾರೆ. ಲೋಟ ಇರುವುದು ಅದಕ್ಕೇ.

ಕೋಣೆಯಿಂದ ಹೊರಬಂದವರಿಗೆ ಅಕ್ಕ ಒಂದು ಲೋಟ ನೀರು ಕೊಡುತ್ತಾರೆ. ಕುಡಿದು ಲೋಟವನ್ನು ಹಾಗೇ ಇಟ್ಟರೆ ಇವರೇ ಇರಲಿ ಎಂದರ್ಥ. ಬೋರಲು ಹಾಕಿದರೆ, ಬೇರೆಯವರನ್ನು ನೋಡುತ್ತೇನೆ ಎಂದು. ಬಾಯಿ ಬಿಟ್ಟು ಹೇಳಬೇಕಾಗಿಲ್ಲ, ಕಾರಣ ಕೊಡಬೇಕಾಗಿಲ್ಲ. ಅಕ್ಕ ಕೇಳುವುದೂ ಇಲ್ಲ. ಬಂದ ಮೊದಲ ದಿನವೇ ಎಲ್ಲರಿಗೂ ಇದನ್ನು ಬಿಡಿಸಿ ಹೇಳಿರುತ್ತಾರೆ.

ಈ ನಿಯಮ ಹುಟ್ಟಿದ್ದು ಅವರದೇ ಸಂಕಟದಲ್ಲಿ. ಹಿಂದೆ ಅವರು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದರು. ಕಾರ್ಖಾನೆ ಮುಚ್ಚಿತು, ನಿದ್ದೆ ಹಾರಿಹೋಯಿತು, ಊಟ ಸೇರದಾಯಿತು. ಯಾರೋ ಹೇಳಿದರೆಂದು ಬೇರೊಂದು ಕಡೆ ಸಮಾಲೋಚಕರೊಬ್ಬರ ಹತ್ತಿರ ಹೋದರು. “ಅವರೇನೂ ಕೆಟ್ಟವರಲ್ಲ. ನನಗೂ ಅವರಿಗೂ ಕೂಡಿ ಬರ್ಲಿಲ್ಲ, ಅಷ್ಟೇ. ನಾನು ಕಾರ್ಖಾನೆ ಗೆಳತೀರ ಬಗ್ಗೆ ಹೇಳಿದ್ರೆ ಅವರು ನನ್ನ ಬಾಲ್ಯದ ಬಗ್ಗೆ ಕೇಳೋರು. ನೀವು ನನಗೆ ಸರಿಹೋಗ್ತಿಲ್ಲ ಅಂತ ಹೇಗೆ ಹೇಳೋದು? ದಾಕ್ಷಿಣ್ಯ. ಸುಮ್ನೆ ಹೋಗ್ತಾ ಇದ್ದೆ. ಒಂದಿನ ಅದೂ ನಿಂತುಹೋಯ್ತು.” ಆಮೇಲೆ ಇನ್ನೊಬ್ಬರ ಬಾಗಿಲು ತಟ್ಟಲು ಅವರಿಗೆ ವರ್ಷಗಳೇ ಹಿಡಿದವು. ಹಾಗೆ ತಟ್ಟಿದ ಬಾಗಿಲೇ ಇದು. ಹಿರಿಯರ ಎದುರು ಕೂತು, ಕಾದು, ಅತ್ತು, ಚೇತರಿಸಿಕೊಂಡರು. ಮುಂದೆ ಇಲ್ಲೇ ಕೆಲಸಕ್ಕೂ ಸೇರಿದರು.

ಲೋಟದ ಉಪಾಯದಲ್ಲಿ ತನಗೂ ಪಾಲು ಬೇಕು ಎನ್ನುವುದು ಅವರ ಯಜಮಾನರ ವಾದ. ಅವರದು ಕ್ಷೌರದಂಗಡಿ. “ನನ್ನ ಕಟಿಂಗ್ ಹಿಡಿಸ್ಲಿಲ್ಲ ಅಂದ್ರೆ ಜನ ಮುಂದಿನ ಸಲ ಪಕ್ಕದ ಕುರ್ಚಿ ಖಾಲಿ ಆಗೋ ತನಕ ಪೇಪರ್ ಓದ್ತಾ ಕೂರ್ತಾರೆ. ನಾನೇನು ಕತ್ತರಿ ಎಸೆದು ಅಳ್ತೀನಾ? ತಲೆ ಹೊರಗಡೆಗೆ ಇಷ್ಟು ಸ್ವಾತಂತ್ರ್ಯ ಇರುವಾಗ ತಲೆ ಒಳಗಡೆಗೂ ಇರ್ಬೇಕು ತಾನೆ, ಅಂದೆ. ಇವಳು ಮಾರನೇ ದಿನಾನೇ ಲೋಟ ತಗೊಂಡು ಹೋದ್ಲು. ನಮ್ಮ ಮನೆಯವೇ ಲೋಟ ಅವು, ಇನ್ನೂ ವಾಪಸ್ ಬಂದಿಲ್ಲ!”

ಶುರುವಿನಲ್ಲಿ ಮೂವರು ಸಮಾಲೋಚಕರಿಗೂ ಕಸಿವಿಸಿಯಾಗಿತ್ತು. ತಮ್ಮ ಕೋಣೆಯಿಂದ ಬಂದವರ ಲೋಟ ಮೊದಲ ಸಲ ಬೋರಲಾದ ದಿನ ಮೇಷ್ಟ್ರು ಮಧ್ಯಾಹ್ನ ಊಟದ ಡಬ್ಬಿಯನ್ನೇ ತೆಗೆದಿರಲಿಲ್ಲ. ಈಗ ಅವರೇ ಸಂಜೆ ಬಾಗಿಲಲ್ಲಿ ಇಣುಕಿ “ಇವತ್ತು ನಂದೆಷ್ಟು ವಿಕೆಟ್ ಬಿತ್ತು ಅಕ್ಕಾ?” ಎಂದು ಕೇಳಿ ನಗುತ್ತಾರೆ.

ಕಾರಣ ಕೇಳಬಾರದೆಂಬ ನಿಯಮವನ್ನು ಲೋಟದಕ್ಕ ಮುರಿದಿರುವುದು ಒಂದೇ ಸಲ. ಅದು ಒಬ್ಬ ಬಸ್ ಚಾಲಕರ ವಿಷಯ. ಅವರೇ ‘ಧಾರಾಳವಾಗಿ ಬರೆಯಿರಿ’ ಎಂದಿದ್ದರಿಂದ ಇಲ್ಲಿ ಹೇಳಬಹುದು.

ಘಾಟಿ ರಸ್ತೆಯಲ್ಲಿ ಒಂದು ದಿನ ಅವರ ಬಸ್ಸಿನ ಬ್ರೇಕು ಕೈಕೊಟ್ಟಿತು. ಬಸ್ಸನ್ನು ಗುಡ್ಡದ ಬದಿಗೆ ಉಜ್ಜಿ ಉಜ್ಜಿ ನಿಲ್ಲಿಸಿದರು. ಯಾರಿಗೂ ಹೆಚ್ಚಿನ ಪೆಟ್ಟಾಗಲಿಲ್ಲ, ಜನ ಹೊತ್ತು ಮೆರೆಸಿದರು. ಆದರೆ ಆವತ್ತಿನಿಂದ ಸ್ಟೇರಿಂಗ್ ಮುಟ್ಟಿದರೆ ಸಾಕು, ಕೈ ಗಡಗಡ ನಡುಗುತ್ತಿತ್ತು. ಡಿಪೋದವರು ಬಿಡಿಭಾಗಗಳ ಸ್ಟೋರಿನಲ್ಲಿ ಕೂರಿಸಿದರು. ಮಳೆಗಾಲ ಮುಗಿಯುವುದರೊಳಗೆ ಬಸ್ಸು ಹತ್ತದಿದ್ದರೆ ಸ್ಟೋರೇ ಕಾಯಂ ಎಂದರು. ಬಸ್ಸೇ ಉಸಿರಾಗಿದ್ದ ಮನುಷ್ಯನಿಗೆ ನಟ್ಟು ಬೋಲ್ಟು ಎಣಿಸುವ ಕೆಲಸ.

ಅಕ್ಕ ಎಂದಿನ ಪ್ರಶ್ನೆ ಕೇಳಿದರು. ಚಾಲಕರು ಯೋಚಿಸಿ “ಚಿಕ್ಕಪ್ಪನ ಲಾರಿ ಪಕ್ಕ” ಎಂದರು.

“ಲಾರಿ ಪಕ್ಕವೋ, ಚಿಕ್ಕಪ್ಪನ ಪಕ್ಕವೋ?”

“ಲಾರಿ ಪಕ್ಕಾನೇ. ಚಿಕ್ಕಪ್ಪ ಬೈತಿದ್ದ.”

ಲಾರಿಯಂಥ ಸಮಾಲೋಚಕರನ್ನು ಎಲ್ಲಿಂದ ತರುವುದು? ಲಾರಿಯೂ ಮಾತಾಡುವುದಿಲ್ಲ, ಹಿರಿಯರೂ ಅಷ್ಟೇ ಎಂದುಕೊಂಡು ಮೊದಲ ಕೋಣೆಗೆ ಕಳಿಸಿದರು. ಲೋಟ ಬೋರಲಾಯಿತು. ಮುಂದಿನ ವಾರ ಮೇಷ್ಟ್ರು. ಅದೂ ಬೋರಲು. ಅದರ ಮುಂದಿನ ವಾರ ಮೇಡಂ ಕೋಣೆಯೊಳಗಿಂದ ಇಬ್ಬರ ನಗುವೂ ಕೇಳಿಸಿತು. ಚಾಲಕರು ಕಣ್ಣು ಕೆಂಪು ಮಾಡಿಕೊಂಡು, ಆದರೆ ಮುಖ ಅರಳಿಸಿಕೊಂಡು ಹೊರಬಂದರು. ಸದ್ಯ, ಸರಿಹೋಯಿತು ಎಂದು ಅಕ್ಕ ನಿಟ್ಟುಸಿರು ಬಿಟ್ಟರು. ಚಾಲಕರು ನೀರು ಕುಡಿದರು, ಸ್ವಲ್ಪ ಹೊತ್ತು ಲೋಟವನ್ನೇ ನೋಡಿದರು, ಮೆಲ್ಲಗೆ ಬೋರಲು ಹಾಕಿದರು.

“ಇನ್ನು ಕೋಣೆ ಉಳಿದಿಲ್ಲ ಅಲ್ವಾ ಅಕ್ಕ? ಇರ್ಲಿ ಬಿಡಿ. ಸ್ಟೋರಲ್ಲೂ ಫ್ಯಾನ್ ಇದೆ” ಎಂದು ಮೆಟ್ಟಿಲಿಳಿದರು.

ಅಕ್ಕನಿಗೆ ತಾನು ಹಿಂದೆ ಹೀಗೇ ಒಂದು ಮೆಟ್ಟಿಲಿಳಿದು ಮತ್ತೆ ಹೋಗದೇ ಇದ್ದದ್ದು ನೆನಪಾಯಿತು. ಚಪ್ಪಲಿಯನ್ನೂ ಮೆಟ್ಟದೆ ಓಡಿ, ಔಷಧಿ ಅಂಗಡಿಯ ಮುಂದೆ ಅವರನ್ನು ಹಿಡಿದು ನಿಲ್ಲಿಸಿದರು.

“ಅಣ್ಣಾ, ಕೇಳಬಾರದು, ಆದ್ರೂ ಕೇಳ್ತೀನಿ. ಮೇಡಂ ಏನಾದ್ರೂ ಅಂದ್ರಾ?”

“ಅಯ್ಯೋ, ಇಲ್ಲಪ್ಪಾ! ಚಿನ್ನದಂಥ ಹೆಣ್ಣುಮಗಳು. ಆ ದಿನದ ಕಥೆ ನನ್ನ ಬಾಯಿಂದ ಪೂರ್ತಿ ಬಂದಿದ್ದು ಇವತ್ತೇ ಮೊದಲು.”

“ಮತ್ತೆ ಲೋಟ ಯಾಕೆ ಬೋರಲು?”

ಚಾಲಕರು ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದರು. “ಅಲ್ಲ ಅಕ್ಕ, ಘಾಟಿ ರೂಟು ಯಾರಾದ್ರೂ ಒಬ್ಬರಿಗೇ ಮೇಲಿಂದ ಮೇಲೆ ಹಾಕ್ತಾರಾ? ಇವತ್ತು ಘಾಟಿಗೆ ಹೋಗಿ ಬಂದೋನಿಗೆ ನಾಳೆ ಊರೊಳಗಿನ ರೂಟು. ಘಾಟಿಗೆ ಬೇರೆಯವರು. ನಮ್ಮ ಡಿಪೋದಲ್ಲಿ ಅದು ಮರ್ಯಾದೆ. ನನ್ನ ಕಥೆ ಕೇಳ್ತಾ ಆ ಮಗು ಕಣ್ಣು ಒರೆಸ್ಕೊಂಡ್ತು. ಇನ್ನೊಂದು ವಾರಾನೂ ಅದರ ತಲೆ ಮೇಲೇ ಹಾಕೋಕೆ ನನಗೆ ಮನಸ್ಸು ಬರ್ಲಿಲ್ಲ. ಹಿರಿಯರಿಗೂ ಅಷ್ಟೇ, ವಯಸ್ಸಾಗಿದೆ. ಮೇಷ್ಟ್ರು ಪಾಪ, ನಿಂತೇ ಇದ್ರು.”

ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ನಗತೊಡಗಿದರು. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂತು. ಏನಾಯಿತೆಂದು ಔಷಧಿ ಅಂಗಡಿಯವರು ಎದ್ದು ಬಂದರು. “ಏನಣ್ಣಾ ನೀವು! ಮೇಲೆ ಮೂರು ಜನ, ನಾವೇನು ತಪ್ಪು ಮಾಡಿದ್ವಪ್ಪಾ ಅಂತ ತಲೆ ಕೆಡಿಸ್ಕೊಂಡು ಕೂತಿದಾರೆ. ನೀವು ನೋಡಿದ್ರೆ ಅವರಿಗೆ ರೆಸ್ಟ್ ಕೊಡ್ತಿದೀರಾ!” ಎಂದು ಕೈಹಿಡಿದು ಮೇಲಕ್ಕೆ ಎಳೆದುಕೊಂಡು ಹೋದರು.

ವಿಷಯ ಕೇಳಿದ ಮೇಡಂ ಕೋಣೆಯಿಂದ ಹೊರಗೇ ಬಂದರು. “ಅಣ್ಣ, ನಾನು ಘಾಟಿಗೇ ಅಂತ ಓದಿ ಬಂದಿರೋ ಡ್ರೈವರು. ಇದೇ ನನ್ನ ರೂಟು. ನನಗೆ ಭಾರ ಅನ್ಸಿದ್ರೆ ಹೋಗಿ ಹೇಳ್ಕೊಳ್ಳೋಕೆ ನನಗೂ ಒಬ್ಬರು ಇದಾರೆ.”

“ಅವರಿಗೆ?” ಎಂದು ಚಾಲಕರು ಗಾಬರಿಯಿಂದ ಕೇಳಿದರು.

“ಅವರಿಗೂ ಇದಾರೆ. ನೀವು ಮೊದ್ಲು ಲೋಟ ಸರಿ ಮಾಡಿ.”

ಚಾಲಕರು ಲೋಟವನ್ನು ಎತ್ತಿ, ಬಾಯಿ ಮೇಲೆ ಮಾಡಿ ಇಟ್ಟರು. ಅಂದಿನಿಂದ ಅದು ಹಾಗೇ ಇದೆ. ಅಕ್ಕ ಮಾತ್ರ ಹೊಸಬರಿಗೆ ಹೇಳುವ ನಿಯಮಕ್ಕೆ ಒಂದು ಸಾಲು ಸೇರಿಸಿದ್ದಾರೆ. “ನಿಮಗೆ ಹಿಡಿಸದಿದ್ರೆ ಬೋರಲು ಹಾಕಿ. ಅವರಿಗೆ ಸುಸ್ತಾಗತ್ತೆ ಅಂತ ಹಾಕೋ ಹಾಗಿಲ್ಲ.”

ಅಕ್ಕನದು ಇನ್ನೂ ಒಂದು ನಿಯಮವಿದೆ. ಕೇಂದ್ರಕ್ಕೆ ಬರುವವರು ಹೊರಗೆ ಎಲ್ಲಿ ಸಿಕ್ಕರೂ ಅಕ್ಕ ತಾವಾಗಿ ಗುರುತು ತೋರಿಸುವುದಿಲ್ಲ. ತರಕಾರಿ ಅಂಗಡಿಯಲ್ಲಿ ಎದುರಾದರೆ ಈರುಳ್ಳಿಯನ್ನೇ ದಿಟ್ಟಿಸಿ ನೋಡುತ್ತಾರೆ. ಇದರಿಂದಾಗಿ ನೆಂಟರಿಷ್ಟರಲ್ಲಿ ಅವರಿಗೆ ಜಂಬದವಳು ಎಂಬ ಬಿರುದೂ ಸಿಕ್ಕಿದೆ. ಏನಾದರೂ ಆಸೆ ಉಳಿದಿದೆಯೇ ಎಂದರೆ, ಲೋಟ ಒರೆಸುತ್ತಲೇ ಹೇಳುತ್ತಾರೆ: “ಜ್ವರದ ಡಾಕ್ಟರನ್ನ ಕಂಡ್ರೆ ಜನ ರಸ್ತೆ ಆಚೆಯಿಂದ ಕೂಗಿ ಮಾತಾಡಿಸ್ತಾರೆ. ನನ್ನನ್ನೂ ಯಾರಾದ್ರೂ ಒಬ್ಬರು ಹಾಗೆ ನಾಲ್ಕು ಜನರ ಮುಂದೆ ಕೂಗಿ ಕರೀಬೇಕು. ನನ್ನ ಹೆಚ್ಚುಗಾರಿಕೆಗಲ್ಲ. ಅವರಿಗೆ ನಾಚಿಕೆ ಹೋಯ್ತಲ್ಲ ಅಂತ ಗೊತ್ತಾಗ್ಲಿ ಅಂತ.”

ಮಳೆಗಾಲದ ಕೊನೆಯ ವಾರ. ಅಕ್ಕ ಎಂದಿನಂತೆ ಬೆಳಗಿನ ಮೊದಲ ಬಸ್ಸು ಹತ್ತುತ್ತಾರೆ. ಹತ್ತುವಾಗ ಕಣ್ಣು ಚಾಲಕರ ಸೀಟಿನ ಕಡೆ ಹೋಗುತ್ತದೆ. ಅವರೇ! ಕೈ ಸ್ಟೇರಿಂಗಿನ ಮೇಲಿದೆ, ನಡುಗುತ್ತಿಲ್ಲ. ಸಂತೋಷಕ್ಕೆ ಕೂಗಬೇಕೆನಿಸಿದರೂ ನಿಯಮ ನಿಯಮವೇ. ತಲೆ ತಗ್ಗಿಸಿ ಹೋಗಿ, ಕಿಟಕಿ ಪಕ್ಕ ಕೂತು, ಹೊರಗಿನ ಕರೆಂಟು ಕಂಬವನ್ನು ಎಂದೂ ಕಾಣದವರಂತೆ ನೋಡುತ್ತಾರೆ.

ಕಂಡಕ್ಟರ್ ಸೀಟಿ ಊದಿದರೂ ಬಸ್ಸು ಕದಲುವುದಿಲ್ಲ. ಚಾಲಕರು ಸೀಟಿನಲ್ಲೇ ತಿರುಗಿ ಕೂಗುತ್ತಾರೆ. “ಲೋಟದಕ್ಕಾ! ಆರಾಮಾಗಿ ಕೂತ್ರಾ?”

ಇಡೀ ಬಸ್ಸು ತಿರುಗಿ ನೋಡುತ್ತದೆ. “ಯಾರಣ್ಣ ಇವರು?” ಎನ್ನುತ್ತಾನೆ ಕಂಡಕ್ಟರ್.

“ನಾನು ಕೌನ್ಸೆಲಿಂಗಿಗೆ ಹೋಗ್ತೀನಲ್ಲಪ್ಪಾ, ಅಲ್ಲಿಯ ಅಕ್ಕ. ನನಗೆ ಸರಿಹೋಗೋರನ್ನ ಹುಡುಕಿಕೊಟ್ಟಿದ್ದು ಇವರೇ.” ಮುಂದಿನ ಸ್ಟಾಪಿನ ಹೆಸರು ಹೇಳುವಷ್ಟೇ ಸಲೀಸಾಗಿ ಹೇಳಿ, ಗೇರು ಹಾಕಿ, ಬಸ್ಸು ಬಿಡುತ್ತಾರೆ.

ಅಕ್ಕನ ಮುಖ ಕೆಂಪೇರುತ್ತದೆ. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ, ಮತ್ತೆ ಕಂಬಗಳನ್ನು ನೋಡುತ್ತಾರೆ. ಸ್ವಲ್ಪ ದೂರ ಹೋದ ಮೇಲೆ ಪಕ್ಕದ ಸೀಟಿನಲ್ಲಿದ್ದ, ಟಿಫಿನ್ ಚೀಲ ಮಡಿಲಲ್ಲಿಟ್ಟುಕೊಂಡ ಹೆಂಗಸು ಬಾಗಿ, ತಗ್ಗಿದ ದನಿಯಲ್ಲಿ ಕೇಳುತ್ತಾಳೆ. “ಅಕ್ಕ, ಅಲ್ಲಿಗೆ ಹೋಗೋಕೆ ಯಾವ ಸ್ಟಾಪಲ್ಲಿ ಇಳೀಬೇಕು?”

“ನಾನಿಳಿಯೋ ಸ್ಟಾಪೇ,” ಎನ್ನುತ್ತಾರೆ ಲೋಟದಕ್ಕ. “ಜೊತೆಗೇ ಇಳಿಯೋಣ, ಬನ್ನಿ.”