ಕಾಮಣಿ ಇಳಿದ ಮೇಲೆ

೧೯೬೩ರಲ್ಲಿ ನಾನು ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಹಾಯಕ ಪೆಥಾಲಜಿಸ್ಟ್ ಆಗಿದ್ದೆ. ರೋಗಿಗಳ ರಕ್ತ, ಮೂತ್ರ, ಮಲ ಮತ್ತು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕುಗಳನ್ನು ಪರೀಕ್ಷಿಸಿ ವರದಿ ಬರೆಯುವುದು ನನ್ನ ಕೆಲಸ. ಧಾರವಾಡದ ಮನೆಯಿಂದ ಬೆಳಗಿನ ರೈಲಿಗೆ ಬಂದು ಸಂಜೆ ಬಸ್ಸಿಗೆ ಹಿಂತಿರುಗುತ್ತಿದ್ದೆ. ಪ್ರಯೋಗಾಲಯವೆಂದರೆ ಎರಡು ಕೋಣೆ, ಎರಡು ಮೈಕ್ರೋಸ್ಕೋಪು, ದ್ರಾವಣದ ಬಣ್ಣ ಅಳೆಯುವ ಒಂದು ಕಲರಿಮೀಟರ್. ಹೆಂಗಸು ಡಾಕ್ಟರ್ ಎಂದರೆ ಹೆರಿಗೆ ವಿಭಾಗದವಳೇ ಎಂದು ಜನ ತಿಳಿದಿದ್ದ ಕಾಲ. ಯಾರಾದರೂ ಬಾಗಿಲಲ್ಲಿ ಇಣುಕಿ, "ಹೆರಿಗಿ ವಾರ್ಡ್ ಇದ ಏನ್ರಿ?" ಎಂದು ಕೇಳದ ದಿನವಿರಲಿಲ್ಲ.

ನಮ್ಮ ಕಡೆ ಕಾಮಾಲೆಗೆ ಕಾಮಣಿ ಎನ್ನುತ್ತಾರೆ. ಕಾಮಣಿಯಾದವರು ಮೊದಲು ಹಳ್ಳಿಯ ಸೊಪ್ಪಿನ ಔಷಧಿ ಕುಡಿಯುತ್ತಿದ್ದರು. ಬಹಳಷ್ಟು ಜನಕ್ಕೆ ವಾಸಿಯೂ ಆಗುತ್ತಿತ್ತು, ಏಕೆಂದರೆ ಸೋಂಕಿನಿಂದ ಬರುವ ಕಾಮಣಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇನ್ನೊಂದು ಬಗೆಯದು ಹಾಗಲ್ಲ. ಯಕೃತ್ತಿನಲ್ಲಿ ತಯಾರಾದ ಪಿತ್ತರಸ ಒಂದು ಸಣ್ಣ ನಾಳದ ಮೂಲಕ, ಮೇದೋಜೀರಕ ಗ್ರಂಥಿಯ ತಲೆಯ ಭಾಗವನ್ನು ಹಾದು, ಸಣ್ಣ ಕರುಳಿಗೆ ಸೇರುತ್ತದೆ. ಆ ದಾರಿಯಲ್ಲಿ ಗಡ್ಡೆ ಬೆಳೆದರೆ ಪಿತ್ತ ಹಿಂದಕ್ಕೆ ತಿರುಗಿ ರಕ್ತಕ್ಕೆ ಸೇರುತ್ತದೆ, ಮೈ ಹಳದಿಯಾಗುತ್ತದೆ. ಅಂಥ ರೋಗಿಗಳು ನಮ್ಮಲ್ಲಿಗೆ ಬರುವಷ್ಟರಲ್ಲಿ ಗಡ್ಡೆ ಕೈಮೀರಿ ಬೆಳೆದಿರುತ್ತಿತ್ತು. ನಮ್ಮ ಶಸ್ತ್ರವೈದ್ಯರಾದ ಡಾ. ಸವಣೂರ ಅವರು ಹೊಟ್ಟೆ ತೆರೆದು, ನೋಡಿ, ಏನೂ ಮಾಡಲಾಗದೆ ಮುಚ್ಚುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಉಣಕಲ್ಲಿನ ಒಬ್ಬ ಶಾಲಾ ಮಾಸ್ತರರು ಹೀಗೆಯೇ ತೀರಿಕೊಂಡರು. ಅವರ ಕಾಗದಪತ್ರ ಒಯ್ಯಲು ಬಂದ ಹೆಂಡತಿ ನನ್ನ ಮೇಜಿನ ಮುಂದೆ ನಿಂತು, "ದೀಪಾವಳಿ ಟೈಮಿನ್ಯಾಗೂ ಒಮ್ಮೆ ಕಣ್ಣು ಹಳದಿ ಆಗಿದ್ವರಿ. ತಾವಾಗೇ ಇಳದ್ವು. ಆಗ ಬಂದಿದ್ರ ಏನರ ಆಗತಿತ್ತೇನ್ರಿ?" ಎಂದು ಕೇಳಿದರು. ಅವರು ಹೋದ ಮೇಲೆ ಮಾಸ್ತರರ ಕೇಸ್ ಪೇಪರ್ ತೆಗೆದು ನೋಡಿದೆ. ಹಳದಿ ಎಂದಿನಿಂದ ಎಂಬ ಪ್ರಶ್ನೆಗೆ 'ಮೂರು ವಾರ' ಎಂದು ಬರೆದಿತ್ತು. ಅದಕ್ಕೂ ಮೊದಲು ಏನಾಗಿತ್ತೆಂದು ಅವರನ್ನು ಯಾರೂ ಕೇಳಿರಲಿಲ್ಲ. ರಕ್ತ ತೆಗೆದುಕೊಂಡಾಗ ನಾನೂ ಕೇಳಿರಲಿಲ್ಲ.

ಡಾ. ಸವಣೂರ ಅವರಿಗೆ ಇದನ್ನು ಹೇಳಿದೆ. ಮಾತು ಕಡಿಮೆ, ಸಿಟ್ಟು ಸ್ವಲ್ಪ ಜಾಸ್ತಿಯಿದ್ದ ಮನುಷ್ಯ. "ಹಂಗಾದ್ರ ನೀವ ಕೇಳಾಕ ಚಾಲೂ ಮಾಡ್ರಿ, ಸುಶೀಲಾಬಾಯಿ. ಹಳದಿ ಆಗೂ ಮುಂಚೆ ಏನಾತು ಅನ್ನೂದನ್ನ ನನಗ ಹುಡುಕಿ ಕೊಡ್ರಿ," ಎಂದರು. ಹೀಗೆ ನಮ್ಮ ಪುಟ್ಟ ಸಂಶೋಧನೆ ಶುರುವಾಯಿತು. ಅದಕ್ಕೆ ಅನುದಾನವಿರಲಿಲ್ಲ, ಹೆಸರೂ ಇರಲಿಲ್ಲ. ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಕಾಮಣಿಯ ಪ್ರತಿ ರೋಗಿಯ ರಕ್ತದಲ್ಲಿ ಎರಡು ಅಂಶಗಳನ್ನು ಅಳೆಯುತ್ತಿದ್ದೆ. ಒಂದು, ಮೈಗೆ ಹಳದಿ ಬಣ್ಣ ಕೊಡುವ ಬಿಲಿರುಬಿನ್. ಇನ್ನೊಂದು, ಪಿತ್ತನಾಳಕ್ಕೆ ತಡೆಯಾದಾಗ ಏರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದೂ ನೋಡುತ್ತಿದ್ದೆ. ಆಮೇಲೆ ಸ್ಟೂಲು ಎಳೆದುಕೊಂಡು ರೋಗಿಯ ಪಕ್ಕ ಕೂತು ಮಾತಾಡಿಸುತ್ತಿದ್ದೆ. ಊಟ ಸೇರದಿರುವುದು, ಬೆನ್ನುನೋವು, ಇದ್ದಕ್ಕಿದ್ದಂತೆ ಮೂತ್ರದಲ್ಲಿ ಸಕ್ಕರೆ, ಎಷ್ಟು ತುರಿಸಿದರೂ ತೀರದ ತುರಿಕೆ ಹೀಗೆ ಪುಟಗಳು ತುಂಬತೊಡಗಿದವು. ಯಾವುದು ಮುಖ್ಯ, ಯಾವುದು ಅಲ್ಲ ಎನ್ನುವುದು ಮಾತ್ರ ತಿಳಿಯುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ನೀಲವ್ವ ಬಂದರು. ಅಮ್ಮಿನಬಾವಿಯಲ್ಲಿ ಹುಟ್ಟಿದವರು, ವಯಸ್ಸು ನಲವತ್ತಾರು. ಗಂಡ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಪೇಟೆಯಲ್ಲಿ ತಮ್ಮ ಈರಪ್ಪನ ಜೊತೆ ಒಂದು ಖಾನಾವಳಿ ನಡೆಸುತ್ತಿದ್ದರು. ಅಂಗಡಿಕಾರರು, ಹತ್ತಿ ಮಾರಲು ಬಂದವರು ಸಾಲಾಗಿ ಕೂತು ಉಣ್ಣುವ ಜಾಗ. ರೊಟ್ಟಿ ಬಡಿಯುವುದು ನೀಲವ್ವ, ನೀಡುವುದು ಈರಪ್ಪ. ಮೊದಲ ದಿನ ಅವರ ಕಣ್ಣು ಅರಿಶಿನದಂತಿದ್ದವು. ಮಲ ತರಲು ಡಬ್ಬಿ ಕೊಟ್ಟಾಗ, "ಅಯ್ಯ ಶಿವನ, ಅದನ್ನೂ ನೋಡತೀರೇನ್ರಿ ಬಾಯಾರ? ಇಷ್ಟು ಓದಿ ಇದನ್ನ ಮಾಡೂದೇನ್ರಿ?" ಎಂದು ನಕ್ಕರು. ನಾನೂ ನಕ್ಕೆ. ಡಬ್ಬಿಯನ್ನು ಅವರು ತರಲಿಲ್ಲ.

ಎರಡು ವಾರದ ನಂತರ ಮತ್ತೆ ಬಂದರು. ಕಣ್ಣು ಬೆಳ್ಳಗಾಗಿದ್ದವು. ಸಂತೋಷಕ್ಕೆ ನನಗಾಗಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ಹೊರರೋಗಿ ವಿಭಾಗದ ವೈದ್ಯರು ಸೋಂಕಿನ ಕಾಮಣಿ, ಇಳಿಯಿತು ಎಂದು ಬರೆದಿದ್ದರು. ಆ ಹೊತ್ತಿಗೆ ಯಾರೇ ಇದ್ದರೂ ಹಾಗೆಯೇ ಬರೆಯುತ್ತಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲು ತುಂಬಲೆಂದು ಮಾತ್ರ ರಕ್ತ ತೆಗೆದುಕೊಂಡೆ. ಈ ಸಲ ಡಬ್ಬಿಯನ್ನೂ ತಪ್ಪದೆ ಕಳಿಸುವಂತೆ ಈರಪ್ಪನಿಗೆ ಹೇಳಿದೆ.

ಬಿಲಿರುಬಿನ್ ಹೆಚ್ಚುಕಡಿಮೆ ಸರಿಹೋಗಿತ್ತು. ಫಾಸ್ಫಟೇಸ್ ಮಾತ್ರ ಇರಬೇಕಾದ ಮಿತಿಯ ಮೂರು ಪಟ್ಟು ಇತ್ತು. ರಾಸಾಯನಿಕ ಕೆಟ್ಟಿರಬಹುದೆಂದು ಹೊಸದಾಗಿ ಕಲಸಿ ಮತ್ತೆ ನೋಡಿದೆ. ಅಷ್ಟೇ ಬಂತು. ಮಲದ ಪರೀಕ್ಷೆಯಲ್ಲಿ ದ್ರಾವಣ ನೀಲಿಗೆ ತಿರುಗಿತು. ಎಂದರೆ ಎಲ್ಲೋ ಒಳಗೆ ರಕ್ತ ಜಿನುಗುತ್ತಿದೆ. ಪಿತ್ತನಾಳ ಕರುಳಿಗೆ ಸೇರುವ ಬಾಯಿಯಲ್ಲಿ ಗಡ್ಡೆ ಬೆಳೆದರೆ ಅದರ ತುದಿ ಆಗಾಗ ಕೊಳೆತು ಉದುರುತ್ತದೆಂದು ಓದಿದ್ದೆ. ಉದುರಿದಾಗ ರಕ್ತ ಬರುತ್ತದೆ, ದಾರಿ ತೆರೆದು ಕಾಮಣಿ ಇಳಿಯುತ್ತದೆ. ಗಡ್ಡೆ ಮಾತ್ರ ಅಲ್ಲಿಯೇ ಇರುತ್ತದೆ. ದೀಪಾವಳಿಗೆ ಮಾಸ್ತರರ ಕಣ್ಣು ತಾವಾಗೇ ತಿಳಿಯಾದದ್ದು ಹೀಗೆಯೋ ಏನೋ ಎಂದು ನೆನೆದು, ವರದಿ ಬರೆದು ಅಂದೇ ಕೊಂಡೊಯ್ದೆ.

ಡಾ. ಸವಣೂರ ವರದಿ ಓದಿ ನನ್ನನ್ನು ನೋಡಿದರು. "ಆಕಿ ಏನ್ ಊಟ ಮಾಡತಾಳ?"

"ರೊಟ್ಟಿ, ಪಲ್ಯೆ, ಕಾಳು. ಮಾಂಸ ಮುಟ್ಟೂದಿಲ್ರಿ."

"ಹಸಿ ಮೂಲಂಗಿ? ಹಕ್ಕರಿಕಿ?"

ಅದನ್ನು ನಾನು ಕೇಳಿರಲಿಲ್ಲ. ಮಾಂಸದಂತೆಯೇ ಹಸಿ ಮೂಲಂಗಿಯೂ ಆ ಪರೀಕ್ಷೆಯಲ್ಲಿ ನೀಲಿ ಬಣ್ಣ ತರಿಸಬಲ್ಲದು. ರೊಟ್ಟಿ ಊಟದ ಜೊತೆ ಹಕ್ಕರಿಕಿಯಂಥ ಹಸಿ ಸೊಪ್ಪು, ಮೂಲಂಗಿ ಇಲ್ಲದ ತಾಟು ನಮ್ಮಲ್ಲಿ ಎಲ್ಲಿದೆ? "ಮೂಲಂಗಿ ನೋಡಿ ನಾ ಹೊಟ್ಟಿ ಕೊಯ್ಯಲೇನು?" ಎಂದರು. ಮಾತು ಒರಟಾಗಿತ್ತು, ಆದರೆ ಸರಿಯಾಗಿತ್ತು. ನೀಲವ್ವನನ್ನು ಆಸ್ಪತ್ರೆಗೆ ಸೇರಿಸಿಕೊಂಡು ನಾಲ್ಕು ದಿನ ಬರೀ ಹಾಲು, ಅನ್ನ ಕೊಡಿಸಿದೆ. ಪರೀಕ್ಷೆ ಮತ್ತೆ ಮಾಡಿದೆ. ಬಣ್ಣ ಮೊದಲಿಗಿಂತ ತೆಳುವಾಗಿತ್ತು, ಆದರೂ ನೀಲಿಯೇ. ಬಿಳಿ ಬೇರಿಯಂ ದ್ರಾವಣ ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಕರುಳಿನ ಒಳ ಅಂಚಿಗೆ ಸಣ್ಣ ತಗ್ಗು ಕಂಡಿತು. ಎಕ್ಸ್‌ರೇ ವೈದ್ಯರು, ಗಡ್ಡೆಯ ಗುರುತೋ ಅಲ್ಲವೋ ಹೇಳಲಾಗದೆ, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದರು.

ಹೊಟ್ಟೆ ತೆರೆದು ನೋಡೋಣ ಎಂದು ಡಾ. ಸವಣೂರ ಒಪ್ಪಿದರು. ನೀಲವ್ವ ಒಪ್ಪಲಿಲ್ಲ. ಈರಪ್ಪನಂತೂ ಎದ್ದೇ ನಿಂತ. "ಕಾಮಣಿ ಹೋಗೇತಿ, ಅಕ್ಕ ಛಲೋ ಆಗ್ಯಾಳ. ಛಲೋ ಇದ್ದಾಕಿನ್ನ ಕೊಯ್ಯತೀನಿ ಅಂತೀರಲ್ರಿ, ಇದು ಎಲ್ಲಿ ನ್ಯಾಯ?" ಎಂದ. ಅವನದು ತಪ್ಪೆಂದು ಹೇಳಲು ನನ್ನಲ್ಲಿ ಏನಿತ್ತು? ಒಂದು ಅಂಕಿ, ಒಂದು ನೀಲಿ ಬಣ್ಣ, ಒಂದು ಪ್ರಶ್ನಾರ್ಥಕ ಚಿಹ್ನೆ. ಅಂಥ ಶಸ್ತ್ರಚಿಕಿತ್ಸೆಯಲ್ಲಿ ರೋಗಿ ಸಾಯುವುದೂ ಇತ್ತು. ಗಡ್ಡೆ ಇಲ್ಲದೆಯೇ ಅವರು ಸತ್ತರೆ ಆ ಸಾವಿಗೆ ಕಾರಣ ನನ್ನ ನೋಟ್‌ಬುಕ್ಕೇ ಆಗುತ್ತಿತ್ತು.

ಈರಪ್ಪ ಚಹಾ ಕುಡಿಯಲು ಹೋದಾಗ ನಾನು ಮಂಚದ ಪಕ್ಕ ಕೂತೆ. "ನೀಲವ್ವಾ, ನನ್ನ ಲೆಕ್ಕ ತಪ್ಪಿರಬಹುದರಿ. ಖರೇ ಹೇಳತೀನಿ, ನನಗೂ ಅಂಜಿಕಿ ಐತಿ. ಆದ್ರ ನೀವು ನನಗ ಹೇಳದ ಮಾತು ಏನರ ಉಳದೈತೇನ್ರಿ?" ಎಂದು ಕೇಳಿದೆ.

ಅವರು ಬಾಗಿಲ ಕಡೆ ಒಮ್ಮೆ ನೋಡಿ ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದರು. ಉಗುರಿನ ಗೀರುಗಳು ತುಂಬಿದ್ದವು. "ಕಾಮಣಿ ಹೋಗೇತ್ರಿ, ತುರಕಿ ಹೋಗಿಲ್ಲ. ಯುಗಾದಿಯಿಂದ ಐತಿ. ಅಂಗೈ, ಅಂಗಾಲು ಉರದಂಗ ತುರಸತಾವ. ರೊಟ್ಟಿ ಬಡಿಯಾಕಿಗೆ ಕೈಯಾಗ ತುರಕಿ ಐತಿ ಅಂತ ಗೊತ್ತಾದ್ರ ಖಾನಾವಳಿಗೆ ಯಾರ್ ಬರತಾರ್ರಿ? ತಮ್ಮಗೂ ಹೇಳಿಲ್ಲ."

ಯುಗಾದಿ ಎಂದರೆ ಹಳದಿ ಕಾಣಿಸುವುದಕ್ಕೂ ಐದಾರು ತಿಂಗಳು ಮೊದಲು. ಅದು ಚರ್ಮದ ರೋಗವಲ್ಲ, ಯಾರಿಗೂ ಅಂಟುವುದಿಲ್ಲ, ಪಿತ್ತ ತಡೆದು ಆಗಿರುವುದು ಎಂದು ವಿವರಿಸಿದೆ. ಅವರ ಕಣ್ಣಲ್ಲಿ ನೀರು ಬಂತು. ರೋಗದ ಭಯಕ್ಕಲ್ಲ, ಅಷ್ಟು ತಿಂಗಳು ಒಬ್ಬರೇ ಹೊತ್ತ ನಾಚಿಕೆ ಇಳಿದದ್ದಕ್ಕೆ ಎಂದು ನನಗನ್ನಿಸಿತು. ಈರಪ್ಪ ಬಂದಾಗ ಅವರೇ ಹೇಳಿದರು: "ಕೊಯ್ಯಲಿ ಬಿಡೊ. ಒಳಗ ಏನೋ ಐತಿ, ನನಗ ಗೊತ್ತೈತಿ."

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ನಾನು ಕೋಣೆಯ ಗೋಡೆಗೆ ಆತು ನಿಂತಿದ್ದೆ. ಡಾ. ಸವಣೂರ ಹೊಟ್ಟೆ ತೆರೆದು ಯಕೃತ್ತನ್ನು ನೋಡಿದರು, ಸ್ವಚ್ಛವಾಗಿತ್ತು. ಮೇದೋಜೀರಕವನ್ನು ಮುಟ್ಟಿದರು, ಮೆತ್ತಗಿತ್ತು. ಕರುಳನ್ನು ಹೊರಗಿನಿಂದ ಸವರಿದರು, ಕೈಗೆ ಏನೂ ಸಿಗಲಿಲ್ಲ. ಮುಖಗವಸಿನ ಮೇಲಿನಿಂದ ನನ್ನ ಕಡೆ ಒಂದು ಸಲ ನೋಡಿದರು. ಆ ನೋಟವನ್ನು ಇಂದಿಗೂ ಮರೆತಿಲ್ಲ. ಅಲ್ಲಿಗೇ ಮುಚ್ಚಬಹುದಿತ್ತು. ಅವರು ಮುಚ್ಚಲಿಲ್ಲ. ಕರುಳಿನ ಗೋಡೆಯನ್ನೇ ಉದ್ದಕ್ಕೆ ಸೀಳಿ ಒಳಗೆ ಬೆರಳಿಟ್ಟರು. ಕೈ ನಿಂತಿತು.

"ಬರ್ರಿ ಇಲ್ಲಿ," ಎಂದರು.

ಪಿತ್ತನಾಳದ ಬಾಯಲ್ಲಿ, ಅವರೆಕಾಳಿನಷ್ಟೇ, ತುದಿ ಹರಿದ ಕೆಂಪು ಗಡ್ಡೆ ಇತ್ತು. ಅಂಥದ್ದನ್ನು ನಾನು ಆವರೆಗೆ ಸತ್ತವರ ದೇಹದಲ್ಲಿ, ಲಿಂಬೆಹಣ್ಣಿನಷ್ಟು ಬೆಳೆದ ಮೇಲೆಯೇ ನೋಡಿದ್ದು. ಅವರು ಒಂದು ಚೂರು ಕೊಟ್ಟರು. ಪ್ರಯೋಗಾಲಯಕ್ಕೆ ಓಡಿ, ಗಾಜಿನ ಮೇಲೆ ಒತ್ತಿ, ಬಣ್ಣ ಹಾಕಿ ನೋಡಿದೆ. ಕ್ಯಾನ್ಸರ್ ಕೋಶಗಳು. ಮೇದೋಜೀರಕದ ತಲೆಯನ್ನೇ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ ತಾಳುವ ಶಕ್ತಿ ನೀಲವ್ವನಿಗಿರಲಿಲ್ಲ. ಗಡ್ಡೆ ಸಣ್ಣದಾದ್ದರಿಂದ ಸುತ್ತಲಿನ ಅಂಚಿನೊಡನೆ ಅದನ್ನಷ್ಟೇ ತೆಗೆದು, ಪಿತ್ತನಾಳವನ್ನು ಕರುಳಿಗೆ ಮತ್ತೆ ಹೊಲಿದರು.

ಆಮೇಲಿನ ಹತ್ತು ದಿನ ಕಷ್ಟದವು. ಹೊಲಿಗೆಯಿಂದ ಪಿತ್ತ ಸೋರಿತು, ಜ್ವರ ಬಂತು. ಈರಪ್ಪ ಖಾನಾವಳಿ ಮುಚ್ಚಿ ವರಾಂಡದಲ್ಲೇ ಕೂತ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಹನ್ನೊಂದನೆಯ ದಿನ ಸೋರುವುದು ನಿಂತಿತು. ಅಂಚಿನಲ್ಲಿ ಎಲ್ಲೂ ಕ್ಯಾನ್ಸರ್ ಉಳಿದಿಲ್ಲವೆಂಬ ನನ್ನ ವರದಿಯೂ ಆ ಹೊತ್ತಿಗೆ ಸಿದ್ಧವಾಗಿತ್ತು. ಅದನ್ನು ಓದಿ ಹೇಳಿದಾಗ ಈರಪ್ಪ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

ನಾನು ಹುಬ್ಬಳ್ಳಿಯಲ್ಲಿ ಇನ್ನೂ ಹನ್ನೆರಡು ವರ್ಷ ಕೆಲಸ ಮಾಡಿದೆ. ಅಷ್ಟೂ ವರ್ಷ ನೀಲವ್ವ ಬದುಕಿದ್ದರು, ರೊಟ್ಟಿ ಬಡಿಯುತ್ತಿದ್ದರು.

ಇದನ್ನು ಗೆಲುವಿನ ಕಥೆಯಾಗಿ ಮಾತ್ರ ಹೇಳಿದರೆ ಸುಳ್ಳಾಗುತ್ತದೆ. ಮರುವರ್ಷ ಇಂಥದೇ ಲಕ್ಷಣಗಳಿದ್ದ ಒಬ್ಬರ ಹೊಟ್ಟೆ ತೆರೆಸಿದೆವು. ಒಳಗಿದ್ದದ್ದು ಬರೀ ಪಿತ್ತದ ಕಲ್ಲು. ಮೇದೋಜೀರಕದ ಒಳಗೇ ಹುಟ್ಟುವ ಗಡ್ಡೆಯನ್ನು ಬೇಗ ಹಿಡಿಯಲು ನೋಟ್‌ಬುಕ್ಕಿನ ಯಾವ ಪುಟವೂ ನೆರವಾಗಲಿಲ್ಲ. ಸ್ಕ್ಯಾನು, ಎಂಡೋಸ್ಕೋಪು ಬಂದ ಮೇಲೂ ಆ ರೋಗ ತಡವಾಗಿಯೇ ಸಿಗುವುದು ಹೆಚ್ಚು. ಆದರೂ ಆ ವರ್ಷ ಕಲಿತದ್ದನ್ನು ಮುಂದೆ ನನ್ನ ಕೈಕೆಳಗೆ ಬಂದ ಪ್ರತಿ ಹೊಸ ಡಾಕ್ಟರಿಗೂ ಹೇಳಿದ್ದೇನೆ. ರೋಗ ಯಾಕೆ ಬಂತೆಂದು ನಾವೆಲ್ಲ ಕೇಳುತ್ತೇವೆ. ಇಳಿದಾಗ ಯಾಕೆ ಇಳಿಯಿತೆಂದು ಯಾರೂ ಕೇಳುವುದಿಲ್ಲ, ಸಂತೋಷಪಟ್ಟು ಮನೆಗೆ ಕಳಿಸಿಬಿಡುತ್ತೇವೆ. ಕಾರಣ ತಿಳಿಯದೆ ಗುಣವಾದವರನ್ನು ಇನ್ನೊಮ್ಮೆ ಕರೆಸಿ, ಕೂರಿಸಿ, ಅವರು ಹೇಳಲು ಹಿಂಜರಿಯುತ್ತಿರುವುದು ಏನೆಂದು ಕೇಳಬೇಕು. ಉತ್ತರ ಬರುವ ತನಕ ಎದ್ದು ಹೋಗಬಾರದು.